ಇದ್ದಲ್ಲೇ ಇದ್ದವರು

ನಿಲುವಂಗಿಯ ಎದೆಪಟ್ಟಿಯನ್ನು ಮತ್ತೊಮ್ಮೆ ಬಿಚ್ಚಿ ಕಟ್ಟಿದರೂ ಗಂಟು ಓರೆಯಾಗಿಯೇ ಬಿದ್ದುದನ್ನು ಕಂಡು ಹ್ವಾಂಗ್ ಇನ್‌ಗ್ಯುವಿಗೆ ತನ್ನ ಬೆರಳುಗಳ ಮೇಲೆಯೇ ಸಿಟ್ಟು ಬಂದಿತು. ಮನೆತನದ ಹಿರಿಯ ಮಗನಾಗಿ, ಕುಲದ ತಿಥಿಗಳ ಹೊಣೆ ಹೊತ್ತವನಾಗಿ, ಶಾಲೆಯಲ್ಲಿ ಹಳೆಯ ಚೀನೀ ಅಕ್ಷರಗಳನ್ನು ಕಲಿಸಿ ನಿವೃತ್ತನಾದವನಾಗಿ ಅವನು ಈ ಬಿಳಿಯ ನಾರುಬಟ್ಟೆಯ ಅಂಗಿಯನ್ನು ಕತ್ತಲೆಯಲ್ಲಿಯೂ ತಪ್ಪಿಲ್ಲದೆ ಧರಿಸಬಲ್ಲವನಾಗಿದ್ದನು. ಪಿತೃಗಳ ಮುಂದೆ ನಿಲ್ಲುವವನ ಗಂಟು ಓರೆಯಾದರೆ ಮನಸ್ಸು ಓರೆಯಾಗಿದೆಯೆಂದೇ ಅರ್ಥ ಎಂದು ತಂದೆ ಹೇಳುತ್ತಿದ್ದರು. ಮನಸ್ಸು ಓರೆಯಾಗಿಯೇ ಇತ್ತು. ಅಂಗಿಯ ಅಗಲವಾದ ತೋಳಿನೊಳಗೆ ಮಡಿಸಿಟ್ಟ ಕಾಗದ, ತಾನೇ ಕುಂಚ ಹಿಡಿದು ಬರೆದ ಕಾಗದ, ಮೊಣಕೈಗೆ ತಗುಲಿದಾಗಲೆಲ್ಲ ಅವನು ತೋಳನ್ನು ಝಾಡಿಸುತ್ತಿದ್ದನು, ಒಳಗೆ ಹುಳ ಹೊಕ್ಕವನ ಹಾಗೆ. ಹೆಂಡತಿ ಹಾಸಿಗೆ ಮಡಿಸುತ್ತ ಬಹಳ ಹೊತ್ತಿನಿಂದ ಅವನನ್ನೇ ನೋಡುತ್ತಿದ್ದಳು.

“ಇಲಿ ತಿಥಿಗೆ ಇಷ್ಟು ಮಡಿ ಸಾಕು ಬಿಡಿ. ನಮ್ಮತ್ತೆ ತಿಥಿಗೂ ನೀವು ಇಷ್ಟು ಹೊತ್ತು ತಗೊಂಡಿರ್ಲಿಲ್ಲ.”

“ಸುಮ್ನಿರು.”

“ಸುಮ್ನೇ ಇದೀನಲ್ಲ. ಪಕ್ಕದ ಮನೆ ಬೆಕ್ಕಿಗೆ ಗೊತ್ತಾದ್ರೆ ಬೇಜಾರು ಮಾಡ್ಕೊಳುತ್ತೆ, ನಮ್ಮನ್ಯಾಕೆ ಊಟಕ್ಕೆ ಕರೀಲಿಲ್ಲ ಅಂತ, ಅಷ್ಟೇ ನಾನು ಹೇಳಿದ್ದು.” ಅವಳು ಎದ್ದು ಬಂದು ಒಂದೇ ಎಳೆತಕ್ಕೆ ಗಂಟನ್ನು ನೇರ ಮಾಡಿದಳು. “ಮನಸ್ಸಿಲ್ದಿದ್ರೆ ಹೋಗ್ಬೇಡಿ. ತಮ್ಮ ತಾನೆ, ಕೋಪ ಮಾಡ್ಕೊಂಡ್ರೆ ಮಾಡ್ಕೊಳ್ಲಿ.”

ಹೋಗಬೇಡಿ ಎಂದವಳ ಮೇಲೂ ಸಿಟ್ಟು ಬಂದಿತು. ಅಷ್ಟು ಸುಲಭದ ಮಾತನ್ನು ನಿನ್ನೆ ಸಂಜೆ ತಾನು ಫೋನಿನಲ್ಲಿ ಆಡಿರಲಿಲ್ಲ. ತಮ್ಮ ದೋಗ್ಯು ಆಂದೊಂಗ್ ಪಟ್ಟಣದ ವಿಶ್ವವಿದ್ಯಾಲಯದಲ್ಲಿ ವ್ಯಾಯಾಮಶಾಸ್ತ್ರದ ಪ್ರೊಫೆಸರ್. ಇಲಿಗಳನ್ನು ಮಿತಿಮೀರಿ ಓಡಿಸಿದರೆ ಅವುಗಳ ಮಿದುಳು ಮತ್ತು ನರಗಳಿಗೆ ಏನಾಗುತ್ತದೆಂಬುದನ್ನು ತಿಳಿಯುವುದು ಅವನ ವಿದ್ಯೆ. ಪ್ರಯೋಗದಲ್ಲಿ ಸತ್ತ ಪ್ರಾಣಿಗಳಿಗೆ ವರ್ಷಕ್ಕೊಮ್ಮೆ ಶಾಂತಿಪೂಜೆ ಮಾಡುವುದು ಅಲ್ಲಿಯ ರೂಢಿ. ಇಷ್ಟು ವರ್ಷ ಯಾರೋ ವಿದ್ಯಾರ್ಥಿ ನಾಲ್ಕು ಸಾಲು ಓದಿ ಮುಗಿಸುತ್ತಿದ್ದುದನ್ನು ಈ ಸಲ ಶಾಸ್ತ್ರೋಕ್ತವಾಗಿ ಮಾಡಬೇಕೆಂದು ದೋಗ್ಯು ಮನೆಗೆ ಬಂದು ಕೈಮುಗಿದು ಕೇಳಿದಾಗ ಇನ್‌ಗ್ಯುವಿಗೆ ಸಂತೋಷವೇ ಆಗಿತ್ತು. ಮೂಕಪ್ರಾಣಿಗಳಿಗೂ ಒಂದು ಪ್ರೇತವಾಕ್ಯ, ಸತ್ತವರನ್ನು ಕರೆದು ಓದುವ ಬರಹ, ಸಲ್ಲಬೇಕೆಂಬ ಬುದ್ಧಿ ತಮ್ಮನಿಗೆ ಬಂತಲ್ಲ ಎಂದುಕೊಂಡು ಹಳೆಯ ಶೈಲಿಯಲ್ಲಿ, ಒಂದು ಅಕ್ಷರ ಹೆಚ್ಚಿಲ್ಲದಂತೆ, ಒಂದು ಅಕ್ಷರ ಕಡಿಮೆಯಿಲ್ಲದಂತೆ ಬರೆದು ಕಳುಹಿಸಿದ್ದನು. ಅದರಲ್ಲಿ ಒಂದು ವಾಕ್ಯವಿತ್ತು: ನಾವು ನಿಮ್ಮನ್ನು ಕೊಂದೆವು.

“ಅಣ್ಣಾ, ಬರಹ ಅದ್ಭುತವಾಗಿದೆ,” ಎಂದಿದ್ದನು ದೋಗ್ಯು ಫೋನಿನಲ್ಲಿ. “ಒಂದೇ ಒಂದು ಮಾತು. ಆ ಕೊಂದೆವು ಅಂತ ಇದೆಯಲ್ಲ, ಅದು ಸ್ವಲ್ಪ ಗಡುಸಾಯ್ತು.”

“ಕೊಂದಿಲ್ವೇನೋ?”

“ಕೊಂದಿದೀವಪ್ಪ, ಯಾರು ಇಲ್ಲ ಅಂದ್ರು. ಹಾಗಂತ ಮುಖಕ್ಕೆ ಹೇಳೋದಾ? ನಾಳೆ ಸೋಲ್‌ನಿಂದ ಪ್ರಾಣಿಪ್ರಯೋಗದ ತನಿಖಾ ಸಮಿತಿಯವರು ಬರ್ತಾರೆ. ಯಾರೋ ನಮ್ಮ ಇಲಿಗಳ ವಿಡಿಯೊ ಹಾಕಿದ ಮೇಲೆ ಅವರ ಕಣ್ಣೆಲ್ಲ ನಮ್ಮ ಮೇಲೇ ಇದೆ. ಲ್ಯಾಬು ಉಳಿಯೋದು ಹೋಗೋದು ನಾಳೆ ಗೊತ್ತಾಗುತ್ತೆ. ‘ಮನುಕುಲದ ಹಿತಕ್ಕಾಗಿ ನಿಮ್ಮನ್ನು ನೀವೇ ಬಲಿದಾನ ಮಾಡಿಕೊಂಡಿರಿ’ ಅಂತ ಹಾಕ್ಬಿಡಿ. ಎಲ್ಲಾ ಕಡೆ ಹಾಗೇ ಓದ್ತಾರೆ.”

ಎಲ್ಲಾ ಕಡೆ ಹಾಗೇ ಓದುತ್ತಾರೆ. ಬಲಿದಾನವೆಂಬ ಮಾತನ್ನು ಹಳೆಯ ಲಿಪಿಯಲ್ಲಿ ಎರಡು ಅಕ್ಷರಗಳಿಂದ ಬರೆಯುತ್ತಾರೆ. ಎರಡರ ಎಡಮಗ್ಗುಲಲ್ಲಿಯೂ ಒಂದೊಂದು ಎತ್ತು ಕಟ್ಟಿಹಾಕಿದಂತೆ ನಿಂತಿದೆ. ಬಣ್ಣದಲ್ಲಿ ಕಲೆಯಿಲ್ಲದ, ಮೈಯಲ್ಲಿ ಊನವಿಲ್ಲದ, ಬಲಿಗೆಂದೇ ಆರಿಸಿದ ಎತ್ತು. ಆ ಎತ್ತು ತಾನಾಗಿ ನಡೆದು ಬಂದು ಕೊರಳು ಚಾಚಿತೆಂದು ಯಾವ ಪ್ರಾಚೀನನೂ ಬರೆದಿಲ್ಲ. ಆ ಕಾಲದವರು ಕೊಲ್ಲುತ್ತಿದ್ದರು, ಆದರೆ ಸುಳ್ಳು ಹೇಳುತ್ತಿರಲಿಲ್ಲ. ಇದನ್ನೆಲ್ಲ ಫೋನಿನಲ್ಲಿ ಹೇಳಬೇಕೆಂದು ಬಾಯಿ ತೆರೆದವನು “ಸರಿ, ನೋಡ್ತೀನಿ” ಎಂದುಬಿಟ್ಟಿದ್ದನು. ನೋಡಿದ್ದೂ ಆಯಿತು. ಮಸಿ ತೇದದ್ದೂ ಆಯಿತು. ಅಚ್ಚುಕಟ್ಟಾದ ಅಕ್ಷರಗಳಲ್ಲಿ ಆ ಸುಳ್ಳನ್ನು ತನ್ನ ಕೈಯಿಂದಲೇ ಬರೆದು, ಒಣಗುವ ತನಕ ಊದಿ, ಮಡಿಸಿ ತೋಳಿನೊಳಗೆ ಇಟ್ಟುಕೊಂಡದ್ದೂ ಆಯಿತು. ಈಗ ಓದುವುದೊಂದೇ ಬಾಕಿ.

ಮನೆಯ ಹೆಬ್ಬಾಗಿಲನ್ನು ದಾಟುವಾಗ ಅವನು ತಲೆಯೆತ್ತಿ ನೋಡಲಿಲ್ಲ. ಅಲ್ಲಿ, ತೊಲೆಯ ಮೇಲೆ, ಚೊಸಾ ಎಂಬ ಎರಡು ಅಕ್ಷರಗಳ ಹಲಗೆಯಿದೆಯೆಂಬುದು ನೋಡದೆಯೂ ಗೊತ್ತಿತ್ತು. ಮೂಲಪುರುಷನಿಗೆ ಅರಸನಿಂದ ಕರೆ ಬಂದಿತ್ತು, ಬಂದು ಅಧಿಕಾರ ವಹಿಸಿಕೊ ಎಂದು. ಹೋಗಲಿಲ್ಲ. ಮತ್ತೆ ಬಂದಿತು, ಹೋಗಲಿಲ್ಲ. ಮನೆಯ ಹಿಂದಿನ ಗುಡ್ಡದಲ್ಲಿ ಮೂಲಂಗಿ ಬೆಳೆದುಕೊಂಡು ಸತ್ತನು. ಅಧಿಕಾರವಿಲ್ಲದೆ ಸತ್ತವರ ಆತ್ಮಫಲಕದ ಮೇಲೆ, ತಿಥಿಯಲ್ಲಿ ಅವರ ಆತ್ಮ ಬಂದು ಕೂರುವ ಫಲಕದ ಮೇಲೆ, ‘ವಿದ್ಯಾರ್ಥಿ’ ಎಂದು ಬರೆಯುವುದು ಈ ನಾಡಿನ ಪದ್ಧತಿ. ಎಂಬತ್ತರ ಮುದುಕನೂ ಸತ್ತ ಮೇಲೆ ವಿದ್ಯಾರ್ಥಿಯೇ. ಕರೆದರೂ ಹೋಗದವನಿಗೆ ಮಾತ್ರ ಚೊಸಾ ಎಂಬ ಹೆಸರು. ಇದ್ದಲ್ಲೇ ಇದ್ದವನು. ಹ್ವಾಂಗ್ ವಂಶಕ್ಕೆ ಇರುವ ಹೆಮ್ಮೆ ಅದೊಂದೇ, ಇಷ್ಟು ತಲೆಮಾರುಗಳು ಅದೊಂದನ್ನೇ ಉಂಡು ತೇಗುತ್ತ ಬಂದಿವೆ. ಒಬ್ಬ ಮನುಷ್ಯ ಎಲ್ಲಿಗೂ ಹೋಗಲಿಲ್ಲವೆಂಬುದನ್ನು ಹೇಳಿಕೊಳ್ಳಲು ಅವನ ಸಂತತಿ ಎಲ್ಲೆಲ್ಲಿಗೂ ಹೋಯಿತು. ಬಸ್ಸಿನ ಮೆಟ್ಟಿಲೇರುವಾಗ ಕುದುರೆಗೂದಲಿನ ಟೋಪಿಯ ಅಗಲವಾದ ಅಂಚು ಬಾಗಿಲಿಗೆ ತಗುಲಿತು. “ಸೀರಿಯಲ್ ಶೂಟಿಂಗಾ ಅಜ್ಜಾ?” ಎಂದನು ಚಾಲಕ, ಗೌರವದಿಂದಲೇ. ಹಿಂದಿನ ಸೀಟಿನ ಹುಡುಗಿಯೊಬ್ಬಳು ಫೋನು ಎತ್ತಿ ಅವನ ಚಿತ್ರ ತೆಗೆದುಕೊಂಡಳು. ಶೂಟಿಂಗೇ, ಎಂದು ಹೇಳಬೇಕೆನಿಸಿತು ಇನ್‌ಗ್ಯುವಿಗೆ. ನನ್ನ ತಮ್ಮನ ಶೂಟಿಂಗು, ನಾನು ಮುದುಕನ ಪಾತ್ರ. ಕಿಟಕಿಯ ಹೊರಗೆ ನಾಕ್ದೊಂಗ್ ನದಿ ಬೂದುಬಣ್ಣದಲ್ಲಿ ಮಲಗಿತ್ತು. ಎಲೆಯುದುರಿದ ಮರಗಳಲ್ಲಿ ಪರ್ಸಿಮನ್ ಹಣ್ಣುಗಳು ಕಾಗೆಗಳಿಗಾಗಿ ಉಳಿಸಿದಷ್ಟು ಉಳಿದಿದ್ದವು. ಕಾಗೆಗೂ ಪಾಲಿಡುವ ಜನ ನಾವು, ಎಂದುಕೊಂಡನು, ಮತ್ತು ಹಾಗೆ ಅಂದುಕೊಂಡ ತನ್ನ ಮನಸ್ಸಿನ ನಯದ ಮೇಲೂ ಅವನಿಗೆ ಹೇಸಿಗೆಯಾಯಿತು.

ದೋಗ್ಯುವಿನ ಬಳಿ ಸಂಶೋಧನೆ ಮಾಡುತ್ತಿದ್ದ ದಾಸೊಮ್ ಎಂಬ ಹೆಣ್ಣುಮಗಳು ಗೇಟಿನ ಬಳಿ ಕಾದಿದ್ದು ಅವನನ್ನು ಸಭಾಂಗಣದ ಕಡೆಗೆ ಕರೆದೊಯ್ಯಲು ತಿರುಗಿದಳು. ಮೊದಲು ಇಲಿಗಳನ್ನು ನೋಡಬೇಕು ಎಂದನು ಇನ್‌ಗ್ಯು.

“ಅಯ್ಯೋ ಮೇಷ್ಟ್ರೇ, ಅಲ್ಲಿ ನಾತ. ಈ ಬಟ್ಟೇಲಿ ಯಾಕೆ?”

“ಯಾರಿಗೆ ತಿಥಿ ಮಾಡ್ತೀನೋ ಅವರ ಕುಲದವರ ಮುಖ ನೋಡ್ದೆ ಓದೋದು ಹೇಗಮ್ಮ?”

ನೆಲಮಾಳಿಗೆಯ ಬಾಗಿಲಲ್ಲಿ ಅವಳು ಅವನ ಟೋಪಿಯನ್ನು ತೆಗೆಸಿದಳು. ಅದರ ಬದಲಿಗೆ ಕೊಟ್ಟ ಕಾಗದದ ಟೋಪಿ ಕಿವಿಯ ತನಕ ಇಳಿಯಿತು. ಚರ್ಮದ ಪಾದರಕ್ಷೆಗಳ ಮೇಲೆ ನೀಲಿ ಪ್ಲಾಸ್ಟಿಕ್ ಚೀಲಗಳು ಬಂದವು. ನಾರುಬಟ್ಟೆಯ ಪವಿತ್ರವಾದ ಅಂಗಿಯ ಮೇಲೆ ಇನ್ನೊಂದು ಅಂಗಿ, ಬೆನ್ನ ಹಿಂದೆ ಗಂಟು. ಕನ್ನಡಿಯಲ್ಲಿ ಕಂಡವನು ಆಸ್ಪತ್ರೆಯಿಂದ ತಪ್ಪಿಸಿಕೊಂಡು ಬಂದ ಮುದುಕನಂತಿದ್ದನು. ಒಳಗೆ ಒಂದೇ ಸಮನಾದ ಗುಂಯ್‌ಗುಡುವಿಕೆ. ಉದ್ದವಾದ ಗಾಜಿನ ಪೆಟ್ಟಿಗೆಯನ್ನು ಓಣಿ ಓಣಿಯಾಗಿ ಸೀಳಿದ್ದರು. ಓಣಿಗಳ ಕೆಳಗೆ ಕಪ್ಪು ಪಟ್ಟಿಯೊಂದು ಹಿಂದಕ್ಕೆ ಹಿಂದಕ್ಕೆ ಸರಿಯುತ್ತಿತ್ತು. ಪ್ರತಿ ಓಣಿಯಲ್ಲಿಯೂ ಒಂದೊಂದು ಬಿಳಿಯ ಇಲಿ ಮುಂದಕ್ಕೆ ಮುಂದಕ್ಕೆ ಓಡುತ್ತ ಇದ್ದಲ್ಲೇ ಇತ್ತು. ಹಿಂಬದಿಯ ತುದಿಯಲ್ಲಿ ಕಬ್ಬಿಣದ ಸಣ್ಣ ಸರಳುಗಳು. ಒಂದು ಇಲಿ ಹಿಂದೆ ಬಿದ್ದಿತು, ಸರಳುಗಳ ಮೇಲೆ ಅದರ ಹಿಂಗಾಲು ತಾಗಿತು, ಚಂಗನೆ ಚಿಮ್ಮಿ ಮತ್ತೆ ಪಟ್ಟಿಯ ಮೇಲೆ ಬಿದ್ದು ಓಡತೊಡಗಿತು.

“ಕರೆಂಟು,” ಎಂದಳು ದಾಸೊಮ್. “ಜಾಸ್ತಿ ಏನಿಲ್ಲ. ನಾನೂ ಬೆರಳಿಟ್ಟು ನೋಡಿದೀನಿ, ಪ್ರೊಫೆಸರ್ ಬೈಗುಳಕ್ಕಿಂತ ಕಡಿಮೆ.”

“ಇವತ್ತೂ ಓಡಿಸ್ತಿದೀರಾ? ಇವತ್ತು ಇವುಗಳ ಬಂಧುಗಳ ತಿಥಿ.”

“ಒಂದು ದಿನ ಬಿಟ್ರೂ ನರ ಚೇತರಿಸ್ಕೊಂಡ್‌ಬಿಡುತ್ತೆ ಮೇಷ್ಟ್ರೇ. ಚೇತರಿಸ್ಕೊಂಡ್ರೆ ಪ್ರಯೋಗ ಕೆಟ್ಟಂಗೆ.” ಅವಳು ಆಕಳಿಸಿದಳು, ಕೆಟ್ಟವಳಲ್ಲ, ನಿದ್ದೆಗೆಟ್ಟವಳು. ಆಮೇಲೆ ಸರಳುಗಳ ಮೇಲೆಯೇ ಕುಳಿತುಬಿಟ್ಟಿದ್ದ ಒಂದು ಇಲಿಯನ್ನು ಎತ್ತಿ ಮೇಜಿನ ಮೇಲೆ ಅಂಗಾತ ಮಲಗಿಸಿದಳು. ಅದರ ಗುಲಾಬಿ ಪಾದಗಳು ಗಾಳಿಯಲ್ಲಿ ಬಿಚ್ಚಿಕೊಂಡಿದ್ದವು. ಹೊಟ್ಟೆ ಪಟಪಟನೆ ಏರಿಳಿಯುತ್ತಿತ್ತು. ಅಂಗಾತ ಹಾಕಿದ ಯಾವ ಪ್ರಾಣಿಯಾದರೂ ಮಗುಚಿಕೊಂಡು ಏಳುತ್ತದೆ, ಅದಕ್ಕೆ ಬುದ್ಧಿ ಬೇಕಿಲ್ಲ, ನರವೇ ಮಗುಚಿಸುತ್ತದೆ. ಇದು ಏಳಲಿಲ್ಲ. “ನಿಜವಾಗ್ಲೂ ಸುಸ್ತಾಗಿದೆಯೋ ನಾಟಕ ಮಾಡ್ತಿದೆಯೋ ಅಂತ ಹೀಗೇ ನೋಡೋದು,” ಎಂದಳು ಅವಳು. “ತಿರುಗಿ ಎದ್ರೆ ಕಳ್ಳ. ಮತ್ತೆ ಪಟ್ಟಿ ಮೇಲೆ. ಏಳ್ದಿದ್ರೆ ಇವತ್ತಿಗೆ ಬಿಡುಗಡೆ.”

ನಾಟಕ ಮಾಡುತ್ತಿದೆಯೋ ಎಂದು ನೋಡುತ್ತಿದ್ದರು ತಂದೆಯೂ. ಮರದ ದಿಮ್ಮಿಯ ಮೇಲೆ ಹತ್ತಿ ನಿಲ್ಲಬೇಕು, ಪಾಠ ಒಪ್ಪಿಸದವನು. ಮೀನಖಂಡದ ಮೇಲೆ ಬಾರುಕೋಲು. ದೋಗ್ಯು ಆಗ ಎಷ್ಟು ಚಿಕ್ಕವನೆಂದರೆ ದಿಮ್ಮಿಯ ಮೇಲೆ ಅವನನ್ನು ಇನ್‌ಗ್ಯುವೇ ಎತ್ತಿ ನಿಲ್ಲಿಸುತ್ತಿದ್ದನು, ಚಡ್ಡಿಯ ಅಂಚು ಕೆಳಗಿಳಿಯದಂತೆ ತಾನೇ ಹಿಡಿದುಕೊಂಡಿರುತ್ತಿದ್ದನು. ಆ ಹುಡುಗನಿಗೆ ಪದ್ಯ ಬರುತ್ತಿತ್ತು, ಅದು ಅಣ್ಣನಿಗೆ ಗೊತ್ತಿತ್ತು, ಬೆಳಿಗ್ಗೆ ಬಾವಿಯ ಬಳಿ ಒಂದೂ ತಪ್ಪದೆ ಹೇಳಿದ್ದನು; ತಂದೆಯ ಮುಂದೆ ಮಾತ್ರ ತುಟಿ ಬಿಗಿದುಕೊಂಡು, ಕಣ್ಣೆವೆಯಿಕ್ಕದೆ ಎದುರಿನ ಗೋಡೆಯನ್ನು ನೋಡುತ್ತ ನಿಂತುಬಿಡುತ್ತಿದ್ದನು. ಬಾಯಿ ಬಿಡೋ, ಹೇಳಿಬಿಡೋ, ಮುಗಿದುಹೋಗುತ್ತೆ ಎಂದು ಅಣ್ಣ ಪಿಸುಗುಡುತ್ತಿದ್ದನು. ಒಂದು ದಿನ ದೋಗ್ಯು ಹೇಳಿಬಿಟ್ಟನು. ಆಮೇಲೆ ನಿಲ್ಲಿಸಲೇ ಇಲ್ಲ. ತರಗತಿಗೆ ಮೊದಲನೆಯವನು, ಜಿಲ್ಲೆಗೆ ಮೊದಲನೆಯವನು, ಹೊರದೇಶದ ಪದವಿ, ಪ್ರಬಂಧದ ಮೇಲೆ ಪ್ರಬಂಧ. ಮನೆಯಲ್ಲಿ ಎಲ್ಲರೂ ಹೆಮ್ಮೆಪಟ್ಟರು. ಮೇಜಿನ ಮೇಲೆ ಬಿದ್ದ ಇಲಿಯ ಒಂದು ಹಿಂಗಾಲು, ಪಟ್ಟಿಯಿಂದ ಇಳಿಸಿದ ಮೇಲೆಯೂ, ಆ ಗುಂಯ್‌ಗುಡುವಿಕೆಯ ಲಯಕ್ಕೆ ಸರಿಯಾಗಿ ಇನ್ನೂ ಒದ್ದುಕೊಳ್ಳುತ್ತಿತ್ತು.

“ಅಣ್ಣಾ, ಇಲ್ಲಿ ಏನ್ ಮಾಡ್ತಿದೀರಿ?” ದೋಗ್ಯು ಬಾಗಿಲಲ್ಲಿ ನಿಂತಿದ್ದನು, ಕಪ್ಪು ಸೂಟಿನಲ್ಲಿ, ಅರವತ್ತರ ಹತ್ತಿರ ಬಂದರೂ ಓಟಗಾರನ ಹಾಗೆ ತೆಳ್ಳಗೆ. ಬಯ್ಯಲಿಲ್ಲ, ಅಣ್ಣನ ಕಾಗದದ ಟೋಪಿಯನ್ನು ಕಂಡು ನಕ್ಕನು. ನೋಡಲು ಬಂದಿದ್ದಾರಲ್ಲ ಎಂದು ಉತ್ಸಾಹ ಬಂದು ಪರದೆಯ ಮೇಲೆ ಚಿತ್ರಗಳನ್ನು ತೋರಿಸಿದನು. ಮಿದುಳಿನಲ್ಲಿ ನೆನಪು ನೆಲೆಸಿರುವ ಜಾಗ ಇದು, ಮಿತವಾಗಿ ಓಡಿದ ಇಲಿಯದು, ನೋಡಿ ಹೇಗೆ ಹೊಸ ನರಕೋಶಗಳು ಮೊಳೆತಿವೆ, ಚಿಗುರಿನ ಹಾಗೆ. ಇದು ಅತಿಯಾಗಿ ಓಡಿದ್ದು: ಮೊಳಕೆಯಿಲ್ಲ, ಕಾವಲಿರಬೇಕಾದ ಕೋಶಗಳೇ ಊದಿಕೊಂಡು ಉರಿಯೆಬ್ಬಿಸಿವೆ. ನೀರಿನ ತೊಟ್ಟಿಯಲ್ಲಿ ಬಿಟ್ಟರೆ ಅದು ನಿನ್ನೆ ಕಂಡುಕೊಂಡಿದ್ದ ಮೆಟ್ಟಿಲನ್ನು ಇಂದು ಮರೆತು ಗೋಡೆಯ ಗುಂಟ ಸುತ್ತುತ್ತದೆ. ಸಕ್ಕರೆ ನೀರು ಇಟ್ಟರೆ ಮೂಸುವುದಿಲ್ಲ. ಅದಕ್ಕೆ ಇನ್ನು ಯಾವುದೂ ಸಿಹಿಯಲ್ಲ.

“ನಮ್ಮ ಮಕ್ಕಳಿಗೋಸ್ಕರ ಅಣ್ಣಾ ಇದೆಲ್ಲ. ಕ್ರೀಡಾ ಶಾಲೆಗಳಲ್ಲಿ ಮಕ್ಕಳನ್ನ ಹೇಗೆ ಓಡಿಸ್ತಾರೆ ಅಂತ ನಿಮಗೆ ಗೊತ್ತಲ್ಲ. ಸಾಕು ನಿಲ್ಸಿ ಅನ್ನೋಕೆ ನಮಗೆ ಪುರಾವೆ ಬೇಕು.”

ಈ ಮಾತು ಸುಳ್ಳಲ್ಲವೆಂಬುದೇ ಇನ್‌ಗ್ಯುವಿನ ಸಿಟ್ಟನ್ನು ಉಸಿರುಗಟ್ಟಿಸಿತು. ತಮ್ಮ ಸುಳ್ಳನಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು. ಅವನು ಪರದೆಯಿಂದ ಕಣ್ಣು ತಿರುಗಿಸಿ ಗೋಡೆಯ ಮಗ್ಗುಲಲ್ಲಿ ಬೇರೆಯಾಗಿ ಇಟ್ಟಿದ್ದ ಪಂಜರವನ್ನು ನೋಡಿದನು. ಅದರಲ್ಲಿ ಕೆಲವು ಇಲಿಗಳು ಒಂದರ ಬೆನ್ನಿಗೊಂದು ಒರಗಿಕೊಂಡಿದ್ದವು.

“ಇವು?”

“ಅವಾ? ಒಲ್ಲದವು,” ಎಂದಳು ದಾಸೊಮ್. “ಮೊದಲ್ನೇ ವಾರದಲ್ಲೇ ಗೊತ್ತಾಗ್ಬಿಡುತ್ತೆ. ಎಷ್ಟು ಕರೆಂಟು ಕೊಟ್ರೂ ಓಡಲ್ಲ. ಬಾಲ ಮೇಲೆತ್ಕೊಂಡು ಸರಳಿನ ಮೇಲೇ ಕೂತ್ಕೊಂಡ್‌ಬಿಡ್ತವೆ, ಧರಣಿ ಕೂತಂಗೆ. ಅಂಗಾತ ಹಾಕಿದ್ರೆ ಟಣ್ಣಂತ ಏಳ್ತವೆ. ಸುಸ್ತೂ ಇಲ್ಲ, ಏನೂ ಇಲ್ಲ. ಬರೀ ಹಟ.”

“ಇವನ್ನ ಏನ್ ಮಾಡ್ತೀರಿ?”

ದಾಸೊಮ್ ಪ್ರೊಫೆಸರ್ ಮುಖ ನೋಡಿದಳು. “ಗ್ಯಾಸಿನ ಪೆಟ್ಟಿಗೆ ಇದೆ ಅಣ್ಣಾ,” ಎಂದನು ದೋಗ್ಯು. “ನೋವಾಗಲ್ಲ.”

“ಇವುಗಳ ಮಿದುಳು ನೋಡ್ತೀಯಾ? ಒಲ್ಲೆ ಅಂದವನ ನರ ಹೇಗಿರುತ್ತೆ ಅಂತ?”

“ನೋಡಿದ್ರೆ ಏನ್ ಸಿಗುತ್ತೆ? ಅವು ಓಡೇ ಇಲ್ಲವಲ್ಲ. ಬರೀ ಕರೆಂಟು ತಿಂದಿರ್ತವೆ. ಅವನ್ನ ಸೇರಿಸ್ಕೊಂಡ್ರೆ ಫಲಿತಾಂಶ ಕಲಸಿಹೋಗುತ್ತೆ.”

“ಮತ್ತೆ ಇವತ್ತಿನ ಪೂಜೇಲಿ?”

“ಅಂದ್ರೆ?”

“ಇವತ್ತು ನಾನು ಕರೀಬೇಕಾದ ಪ್ರೇತಗಳಲ್ಲಿ ಒಲ್ಲದೇ ಸತ್ತವು ಇದಾವೋ ಇಲ್ವೋ?”

ದೋಗ್ಯು ಗಡಿಯಾರ ನೋಡಿಕೊಂಡನು. “ಅಣ್ಣಾ, ಪೂಜೆ ಇರೋದು ವಿಜ್ಞಾನಕ್ಕೆ ಪ್ರಾಣ ಕೊಟ್ಟವಕ್ಕೆ. ಅವು ವಿಜ್ಞಾನಕ್ಕೆ ಏನೂ ಕೊಟ್ಟಿಲ್ಲ. ಲೆಕ್ಕಕ್ಕೇ ಬರಲ್ಲ.”

ಲೆಕ್ಕಕ್ಕೇ ಬರುವುದಿಲ್ಲ. ಇದನ್ನು ಹೇಳಿದ ಬಾಯಿ, ಹೊರದೇಶದ ಅತಿಥಿಗಳು ಬಂದಾಗ, ಹೆಬ್ಬಾಗಿಲ ಹಲಗೆಯನ್ನು ತೋರಿಸಿ, ನಮ್ಮ ಪೂರ್ವಿಕರು ಅರಸನಿಗೇ ಒಲ್ಲೆನೆಂದವರು ಎಂದು ಹೇಳಿಕೊಳ್ಳುತ್ತಿದ್ದ ಬಾಯಿಯೇ. ಇನ್‌ಗ್ಯು ಪಂಜರದ ಹತ್ತಿರ ಹೋಗಿ ಬಗ್ಗಿದನು. ಒಂದು ಇಲಿ ಮೀಸೆಯಾಡಿಸುತ್ತ ಅವನನ್ನು ನೋಡಿತು, ಇಲ್ಲವೇ ಅವನ ಕಾಗದದ ಟೋಪಿಯನ್ನು ನೋಡಿತು. ಬಾಲದ ತುದಿಯಲ್ಲಿ ಸುಟ್ಟ ಗುರುತು. ಭಯವಿರಲಿಲ್ಲ ಅದಕ್ಕೆ, ಅಥವಾ ಭಯವನ್ನು ದಾಟಿದ ಏನೋ ಇತ್ತು. ಮುಂಗಾಲುಗಳಲ್ಲಿ ಹಿಡಿದಿದ್ದ ಕಾಳನ್ನು ಅದು ನಿಧಾನವಾಗಿ, ಯಾವ ಅವಸರವೂ ಇಲ್ಲದೆ, ಸುತ್ತಲೂ ಕಡಿದು ತಿನ್ನುತ್ತಿತ್ತು. ಇದಕ್ಕೆ ಇನ್ನೂ ರುಚಿ ಉಳಿದಿದೆ, ಎಂದುಕೊಂಡನು ಇನ್‌ಗ್ಯು. ನಾಲಿಗೆ ಎದ್ದಿತು, ಹಲ್ಲಿನ ಹಿಂದೆ ನಿಂತಿತು. ದಾಸೊಮ್ ಇದ್ದಾಳಲ್ಲ, ಶಿಷ್ಯೆಯ ಮುಂದೆ ತಮ್ಮನ ಮರ್ಯಾದೆ ತೆಗೆಯುವುದು ಹೇಗೆ. ಈ ಮರ್ಯಾದೆ, ಈ ಸಂಕೋಚ, ಹೊತ್ತಿಗೆ ಸರಿಯಾಗಿ ಬಂದು ಕಾಲು ಹಿಡಿಯುವ ಈ ದಾಕ್ಷಿಣ್ಯ. ಇದೇ ತನ್ನ ಓಣಿಯ ಹಿಂಬದಿಯ ಸರಳು, ಹಿಂದೆ ಸರಿದರೆ ಚುರುಕ್ಕೆನ್ನುತ್ತದೆ, ಅದಕ್ಕೆ ಹೆದರಿ ಇಷ್ಟು ವರ್ಷ ಚೆನ್ನಾಗಿ ಓಡಿದ್ದೇನೆ.

ಕುದುರೆಗೂದಲಿನ ಟೋಪಿಯನ್ನು ಮತ್ತೆ ಧರಿಸಿ ಮೇಲೆ ಬಂದಾಗ ಸಭಾಂಗಣದಲ್ಲಿ ಪೂಜೆಯ ಮೇಜು ಸಿದ್ಧವಾಗಿತ್ತು. ಸೇಬು, ಗಜ್ಜರಿ, ಸೂರ್ಯಕಾಂತಿ ಬೀಜ, ಬಟ್ಟಲು ತುಂಬ ಇಲಿಗಳ ಒಣಮೇವು. ಆತ್ಮಫಲಕದ ಜಾಗದಲ್ಲಿ ‘ಪ್ರಯೋಗಪ್ರಾಣಿಗಳ ಆತ್ಮಗಳಿಗೆ’ ಎಂದು ಮುದ್ರಿಸಿದ ಕಾಗದವನ್ನು ಅಂಟಿಸಿದ್ದರು. ಇನ್‌ಗ್ಯು ಅದನ್ನು ಕಿತ್ತನು. ಮುದ್ರಿಸಿದ ಫಲಕಕ್ಕೆ ಯಾವ ಆತ್ಮವೂ ಬರುವುದಿಲ್ಲವೆಂದು ಹೇಳಿ, ಚೀಲದಿಂದ ಮಸಿಗಲ್ಲು ತೆಗೆದು ತೇಯಲು ಕುಳಿತನು. ದಾಸೊಮ್ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ನೋಡಿದಳು.

“ನಾನು ಸತ್ರೆ ಏನಂತ ಬರೀತಾರೆ ಮೇಷ್ಟ್ರೇ?”

“ಅಧಿಕಾರ ಏನೂ ಇಲ್ದಿದ್ರೆ ವಿದ್ಯಾರ್ಥಿ ಅಂತ.”

“ಸತ್ತ ಮೇಲೂನಾ? ಹಾಗಾದ್ರೆ ಪ್ರೊಫೆಸರ್ ನನಗೆ ಯಾವತ್ತೂ ಪದವಿ ಕೊಡಲ್ಲ ಅನ್ನೋದು ಶಾಸ್ತ್ರದಲ್ಲೇ ಇದೆ ಅನ್ನಿ.”

ಇನ್‌ಗ್ಯು ಕುಂಚವನ್ನು ಮಸಿಗದ್ದಿ ಅಂಚಿಗೆ ಒರೆಸಿದನು. ಅವನ ಕೋಪಕ್ಕೆ ಈಗ ಒಂದು ದಾರಿ ಸಿಕ್ಕಿತ್ತು. ಓದುವುದನ್ನು ಓದಿಬಿಡುತ್ತೇನೆ, ತಮ್ಮನ ಲ್ಯಾಬು ಉಳಿಯಲಿ, ಬಾಯಿ ಸುಳ್ಳು ಹೇಳಲಿ. ಆದರೆ ಫಲಕದ ಮೇಲೆ ಯಾರು ಕೂರುತ್ತಾರೆಂಬುದನ್ನು ನಿರ್ಧರಿಸುವ ಕೈ ನನ್ನದು. ಕಾಗದದ ಮೇಲೆ, ಮೇಲಿನಿಂದ ಕೆಳಕ್ಕೆ, ಆ ಎರಡು ಅಕ್ಷರಗಳನ್ನು ಬರೆದನು. ಮೊದಲನೆಯದರೊಳಗೆ ಪೀಠವೊಂದರ ಬಳಿ ಬಂದು ನಿಂತುಹೋದ ಪಾದವಿದೆ. ಬಾಲ್ಯದಿಂದ ನೋಡುತ್ತ ಬಂದ ಹೆಬ್ಬಾಗಿಲ ಹಲಗೆಯದೇ ಅಕ್ಷರ, ಅದೇ ತಿರುವು, ಅದೇ ಭಾರ. ಚೊಸಾ. ಈ ಕೋಣೆಯಲ್ಲಿ ಹಳೆಯ ಲಿಪಿಯನ್ನು ಓದಬಲ್ಲವರು ಇಬ್ಬರೇ. ಇನ್ನೊಬ್ಬನು ಓದಲಿ. ಓದಿಕೊಂಡು, ತಾನು ಲೆಕ್ಕಕ್ಕಿಲ್ಲವೆಂದವುಗಳ ಮುಂದೆ, ಎಲ್ಲರೆದುರಿಗೆ, ಹಣೆಯನ್ನು ನೆಲಕ್ಕೆ ಇಡಲಿ.

ಸಮಿತಿಯವರು ಬಂದರು, ಬೂದುಬಣ್ಣದ ಕೋಟಿನವರು, ಮುಂದಾಳಾಗಿ ಬೆಳ್ಳಿಗೂದಲಿನ ಒಬ್ಬ ಹೆಂಗಸು. ದೋಗ್ಯು ಅವರನ್ನು ಮೇಜಿನ ಬಳಿಗೆ ಕರೆತಂದನು. ಅವನ ಕಣ್ಣು ಫಲಕದ ಮೇಲೆ ಬಿದ್ದುದನ್ನು ಇನ್‌ಗ್ಯು ನೋಡಿದನು. ದೋಗ್ಯು ಓದಿದನು. ಕತ್ತಿನ ನರವೊಂದು ಎದ್ದು ಇಳಿಯಿತು. ದಿಮ್ಮಿಯ ಮೇಲೆ ನಿಂತ ಹುಡುಗನ ಮುಖ ಒಂದು ಗಳಿಗೆ ಅಲ್ಲಿ ಕಂಡಂತಾಯಿತು, ತುಟಿ ಬಿಗಿದ ಮುಖ. ಹೇಳು, ಎಂದಿತು ಇನ್‌ಗ್ಯುವಿನ ಒಳಗು, ಕೋಪ ಮಾಡಿಕೊ, ಹರಿದು ಬಿಸಾಡು, ಏನಾದರೂ ಮಾಡು.

“ಇದೇನು ಬರೆದಿರೋದು ಪ್ರೊಫೆಸರ್?” ಎಂದು ಕೇಳಿದರು ಆಕೆ.

“ಚೊಸಾ ಅಂತ ಮೇಡಮ್,” ಎಂದನು ದೋಗ್ಯು. ದನಿ ಬೆಣ್ಣೆಯಂತಿತ್ತು. “ಹಿಂದಿನ ಕಾಲದ ನಿಸ್ಪೃಹ ವಿದ್ವಾಂಸರಿಗೆ ಕೊಡ್ತಿದ್ದ ಬಿರುದು. ನಮ್ಮ ಪೂರ್ವಿಕರದೇ ಬಿರುದು ಅದು. ನಮ್ಮ ಅಣ್ಣ ಈ ಪ್ರಾಣಿಗಳಿಗೆ ನಮ್ಮ ಮನೆತನದ ಗೌರವವನ್ನೇ ಕೊಟ್ಟಿದಾರೆ.”

“ಎಷ್ಟು ದೊಡ್ಡ ಮನಸ್ಸು,” ಎಂದರು ಆಕೆ. ಫೋನುಗಳು ಮೇಲೆದ್ದವು. ಫಲಕದ ಚಿತ್ರ ತೆಗೆದರು, ಫಲಕದ ಪಕ್ಕ ಇನ್‌ಗ್ಯುವನ್ನು ನಿಲ್ಲಿಸಿ ತೆಗೆದರು, ಸ್ವಲ್ಪ ಟೋಪಿ ಓರೆಯಾಗಿದೆ ಎಂದು ಯಾರೋ ಸರಿಮಾಡಿದರು. ದೋಗ್ಯು ಅಣ್ಣನ ಕಿವಿಯ ಬಳಿ ಬಗ್ಗಿ, “ತುಂಬಾ ಚೆನ್ನಾಗಿ ಹೊಳೀತು ಅಣ್ಣಾ ನಿಮಗೆ, ನಾನಾಗಿದ್ರೆ ಹೊಳೀತಿರ್ಲಿಲ್ಲ” ಎಂದನು. ಅದರಲ್ಲಿ ವ್ಯಂಗ್ಯವಿತ್ತೋ ಕೃತಜ್ಞತೆಯಿತ್ತೋ ತಿಳಿಯಲಿಲ್ಲ, ತಿಳಿಯದಂತೆ ಮಾತಾಡುವುದನ್ನು ಅವನು ಕಲಿತಿದ್ದನು. ತಾನು ಎಸೆದ ಕಲ್ಲನ್ನು ತಮ್ಮ ಬರಿಗೈಯಲ್ಲಿ ಹಿಡಿದು, ಒರೆಸಿ, ದೇವರ ಗೂಡಿನಲ್ಲಿಟ್ಟು ಕೈಮುಗಿದಿದ್ದನು. ಮೋಸಮಾಡಿದವನು ದೋಗ್ಯುವೇ? ಕಳ್ಳದಾರಿಯಲ್ಲಿ ಒಲ್ಲೆನೆಂದವನು, ಓಡುತ್ತಲೇ ಒಲ್ಲೆನೆಂದವನು ತಾನಲ್ಲವೇ? ಮೂಲಪುರುಷನು ಅರಸನ ಆಸ್ಥಾನಕ್ಕೆ ಹೋಗಿ, ಅಧಿಕಾರದ ಟೋಪಿ ತೊಟ್ಟುಕೊಂಡು, ಅಲ್ಲಿಯ ಗೋಡೆಯ ಮೇಲೆ ಗುಟ್ಟಾಗಿ ‘ನಾನು ಬರಲಿಲ್ಲ’ ಎಂದು ಬರೆದು ಬಂದವನಲ್ಲ. ಆ ಇಲಿಯೂ ಬರೆಯಲಿಲ್ಲ. ಅದು ಕುಳಿತುಕೊಂಡಿತು, ಅಷ್ಟೆ.

ಧೂಪ ಹಚ್ಚಿದ್ದಾಯಿತು. ಎರಡು ದೀರ್ಘ ನಮಸ್ಕಾರಗಳಾದವು. ಕರ್ತೃವಾದ ದೋಗ್ಯು ಫಲಕದ ಮುಂದೆ ಮಂಡಿಯೂರಿ ಅಕ್ಕಿಯ ಮದ್ಯವನ್ನು ಅರ್ಪಿಸಿದನು. ಅವನ ಎಡಗಡೆ, ಚಾಪೆಯ ಮೇಲೆ, ಇನ್‌ಗ್ಯು ಮಂಡಿಯೂರಿ ಕುಳಿತು ತೋಳಿನಿಂದ ಕಾಗದವನ್ನು ತೆಗೆದನು. ಪ್ರೇತವಾಕ್ಯವನ್ನು ಓದುವಾಗ ಎಲ್ಲರೂ ಹಣೆಯನ್ನು ನೆಲಕ್ಕಿಟ್ಟು ಬಾಗಿರಬೇಕು. ‘ದಯಮಾಡಿ ಸ್ವೀಕರಿಸಿರಿ’ ಎಂಬ ಕೊನೆಯ ಮಾತು ಕಿವಿಗೆ ಬೀಳುವ ತನಕ ಯಾರೂ ಏಳುವಂತಿಲ್ಲ. ದಾಸೊಮ್ ಮೆಲುದನಿಯಲ್ಲಿ ಅದನ್ನು ಅತಿಥಿಗಳಿಗೆ ತಿಳಿಸಿದಳು. ಅವರೂ ಸೌಜನ್ಯದಿಂದ ಕುರ್ಚಿ ಬಿಟ್ಟಿಳಿದು ಬಾಗಿದರು. ಕೋಣೆಯಲ್ಲಿ ನೆಟ್ಟಗೆ ಉಳಿದದ್ದು ಅವನೊಬ್ಬನ ಬೆನ್ನು. ವರ್ಷಗಳ ಸರಣಿಯಲ್ಲಿ ಇಂದಿನ ಈ ದಿನ, ಎಂದು ತೊಡಗಿದನು. ತಂದೆಯಿಂದ ಬಂದ ರಾಗ ತಾನಾಗಿಯೇ ಎದ್ದು ಬಂದಿತು, ತುಂಬಿದ ದನಿ, ಎಲ್ಲಿ ಎಳೆಯಬೇಕೋ ಅಲ್ಲಿ ಎಳೆದು, ಎಲ್ಲಿ ಇಳಿಸಬೇಕೋ ಅಲ್ಲಿ ಇಳಿಸಿ. ಶರತ್ತಿನ ಗಾಳಿ ತಣ್ಣಗಾಗಿದೆ, ಮಂಜು ಬಿದ್ದಿದೆ, ನಿಮ್ಮನ್ನು ನೆನೆಯುವ ಕಾಲ ಬಂದಿದೆ. ಓಡುತ್ತಿದ್ದನು. ಚೆನ್ನಾಗಿಯೇ ಓಡುತ್ತಿದ್ದನು. ಮುಂದಿ‌ನ ಸಾಲು ಕಣ್ಣೆದುರಿಗೆ ಸರಿದು ಬಂದಿತು. ತನ್ನದೇ ಕೈಬರಹ. ಎಡಮಗ್ಗುಲಲ್ಲಿ ಕಟ್ಟಿಹಾಕಿದ ಎರಡು ಎತ್ತುಗಳು.

ದನಿ ನಿಂತಿತು.

ಮೊದಲು ಅದು ರಾಗದ ನಡುವಿನ ಉಸಿರೆಂದೇ ಎಲ್ಲರೂ ತಿಳಿದಿರಬೇಕು. ಆಮೇಲೆ ಹಿಂದೆ ಎಲ್ಲೋ ಬಟ್ಟೆ ಸರಿದ ಸದ್ದಾಯಿತು. ಯಾರೋ ಕೆಮ್ಮಿದರು. ಕೆಳಗಿನ ನೆಲಮಾಳಿಗೆಯಿಂದ ಆ ಗುಂಯ್‌ಗುಡುವಿಕೆ ನೆಲದೊಳಗೆ ಹಾದು ಅವನ ಮಂಡಿಗಳಿಗೆ ಮುಟ್ಟುತ್ತಿತ್ತು. ಬಲಪಕ್ಕೆಗೆ, ನಿಲುವಂಗಿಯ ಮಡಿಕೆಯ ಕೆಳಗೆ, ಒಂದು ಬೆರಳು ತಿವಿಯಿತು.

“ಅಣ್ಣಾ,” ಎಂದನು ದೋಗ್ಯು, ನೆಲದೊಳಗಿಂದ ಬಂದಂತಿದ್ದ ದನಿಯಲ್ಲಿ.

ಇನ್‌ಗ್ಯು ಕಾಗದವನ್ನು ಮಡಿಸಿದನು. ಮಡಿಸಿ ಮಂಡಿಯ ಮುಂದೆ ಇಟ್ಟನು.

ಬೆರಳು ಮತ್ತೆ ತಿವಿಯಿತು, ಈ ಸಲ ಉಗುರಿನಿಂದ. “ಅಣ್ಣಾ, ಓದಿ. ಮರೆತು ಹೋಯ್ತಾ? ಬಾಯಿ ಬಿಡಿ ಅಣ್ಣಾ, ಒಂದೇ ಸಾಲು, ಮುಗಿದುಹೋಗುತ್ತೆ.”

ಈ ಮಾತನ್ನು ಹಿಂದೆ ಯಾರು ಯಾರಿಗೆ ಹೇಳಿದ್ದರೆಂಬುದು ಇಬ್ಬರಿಗೂ ಗೊತ್ತಿತ್ತು. ಬೆರಳು ಅಲ್ಲಿಯೇ ನಿಂತಿತು. ಅಷ್ಟೇನೂ ನೋವಿಲ್ಲ, ಎಂದುಕೊಂಡನು ಇನ್‌ಗ್ಯು ಬೆರಗಿನಿಂದ. ಈ ಚುರುಕಿಗೆ ಹೆದರಿ ಮನುಷ್ಯ ಅರವತ್ತೆಂಟು ವರ್ಷ ಓಡುವನೇ. ಕೈಗಳನ್ನು ತೋಳುಗಳೊಳಗೆ ಸೇರಿಸಿಕೊಂಡನು. ಅವನ ಸುತ್ತ ಕಪ್ಪು ಸೂಟುಗಳು, ಬೂದು ಕೋಟುಗಳು, ಬಿಳಿಯ ಏಪ್ರನ್ನುಗಳು, ಎಲ್ಲವೂ ಬೆನ್ನು ಮೇಲಾಗಿ ಬಿದ್ದಿದ್ದವು. ಕೊನೆಯ ಮಾತು ಬಾರದೆ ಏಳುವುದು ಹೇಗೆಂದು ಒಬ್ಬರಿಗೂ ತಿಳಿಯದು. ಒಬ್ಬರನ್ನು ನೋಡಿ ಒಬ್ಬರು ಏಳೋಣವೆಂದರೆ ಎಲ್ಲರ ಮುಖವೂ ನೆಲಕ್ಕಿತ್ತು. ಯಾರದೋ ಮೊಣಕಾಲು ಲಟಕ್ಕೆಂದಿತು. ಧೂಪದ ಬೂದಿ ಮುರಿದು ಬಿದ್ದಿತು. ದೋಗ್ಯುವಿನ ಬೆನ್ನು ಸೂಟಿನೊಳಗೆ ಪಟಪಟನೆ ಏರಿಳಿಯುತ್ತಿದ್ದುದನ್ನು ಅವನು ನೋಡಿದನು. ಕರುಣೆ ಬಂದಿತು. ಕರುಣೆ ಬಂದರೆ ಕೋಪ ಇಳಿಯುತ್ತದೆಂದು ಅವನು ಕಾದನು. ಅದು ಇಳಿಯಲಿಲ್ಲ. ಅದು ಎಲ್ಲಿಗೂ ಹೋಗಲಿಲ್ಲ. ಅದೂ ಅವನ ಜೊತೆ, ಬಾಲ ಮೇಲೆತ್ತಿಕೊಂಡು, ಕುಳಿತಲ್ಲೇ ಕುಳಿತಿತ್ತು.